ಗುಬ್ಬಿಯೊ: ಬೆಟ್ಟದ ಮಗ್ಗುಲಿನ ಪುರ

ಇಟಲಿ ಎಂದೊಡನೆ ರೋಮ್, ಫ್ಲಾರೆನ್ಸ್, ವೆನಿಸ್ ನಗರಗಳು ಮನಸ್ಸಿಗೆ ಬರುವುದು ಸಹಜ. ಇಂದು ಶ್ರೋತೃಗಳನ್ನು ಅವುಗಳಿಂದ ದೂರಕ್ಕೆ, ಉಂಬ್ರಿಯಾ ಪ್ರಾಂತದ ಅಪೆನೈನ್ ಪರ್ವತಗಳ ನಡುವಣ ಗುಬ್ಬಿಯೊ ಎಂಬ ಪುರಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಹೆಸರು ನಮ್ಮ ತುಮಕೂರು ಸೀಮೆಯ ಗುಬ್ಬಿಯನ್ನು ನೆನಪಿಗೆ ತಂದರೂ ನಂಟೇನೂ ಇಲ್ಲ. ಇಗೂವಿಯಂ ಎಂಬ ಪ್ರಾಚೀನ ನಾಮವೇ ಸವೆದು ಹೀಗಾಗಿದೆ. ಇಂಜಿನೊ ಬೆಟ್ಟದ ಇಳಿಜಾರಿನಲ್ಲಿ ಸುಣ್ಣಗಲ್ಲಿನ ಮನೆಗಳು ಒಂದರ ಮೇಲೊಂದು ಏರಿ ನಿಂತಿವೆ. ಬೀದಿಗಳೆಲ್ಲ ಏರು, ಊರುಗೋಲು ಹಿಡಿದು ಹೋಗುವುದು ಲೇಸು.

ಈ ಪುರದ ಮೊದಲನೆಯ ಸಂಪತ್ತು 7 ಕಂಚಿನ ಫಲಕಗಳು. ಕ್ರಿಸ್ತಪೂರ್ವದ ಕಡೆಯ ಶತಮಾನಗಳಲ್ಲಿ ಕೊರೆದ ಇವುಗಳ ಭಾಷೆ ಲ್ಯಾಟಿನ್ನಿನ ಸೋದರಿಯಾದ ಉಂಬ್ರಿಯನ್. ಕೆಲವು ಬಲದಿಂದ ಎಡಕ್ಕೆ ಬರೆವ ಸ್ಥಳೀಯ ಲಿಪಿಯಲ್ಲಿವೆ, ಕೆಲವು ರೋಮನ್ ಲಿಪಿಯಲ್ಲಿ. ಪುರೋಹಿತರ ಮಂಡಲಿಯೊಂದು ಊರಿನ 3 ಬಾಗಿಲುಗಳಲ್ಲಿ ಬಲಿಯಿತ್ತು, ಬೆಟ್ಟವನ್ನೂ ಜನರನ್ನೂ ಶುದ್ಧಿಗೊಳಿಸುತ್ತಿದ್ದ ಕ್ರಮವನ್ನು ಅವು ವಿಧಿಸುತ್ತವೆ. ಶಕುನದಲ್ಲಿ ಲೋಪವಾದರೆ ಕರ್ಮವನ್ನು ಮೊದಲ ಬಾಗಿಲಿನಿಂದಲೇ ಮತ್ತೆ ಆರಂಭಿಸಬೇಕು. ನೆರೆಯ ಶತ್ರುಜನಾಂಗಗಳ ಹೆಸರು ಹಿಡಿದು ಶಪಿಸುವ ಭಾಗವೂ ಉಂಟು. ಅದನ್ನು ಮರೆಮಾಚುವುದು ಚರಿತ್ರಕಾರನ ಧರ್ಮವಲ್ಲ. ಆದರೆ ಅಲ್ಲಿಯೇ ಊರಿನ ಮನುಷ್ಯರನ್ನೂ ದನಕರುಗಳನ್ನೂ ಕಾಪಾಡೆಂಬ ಬೇಡಿಕೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಬಳಸಿರುವ ‘ವೇಯ್ರೊ’, ‘ಪೆಕ್ವೊ’ ಎಂಬ ಪದಗಳು ಸಂಸ್ಕೃತದ ವೀರ, ಪಶು ಎಂಬ ಪದಗಳ ದಾಯಾದಿಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ.

ಈ ಫಲಕಗಳು ಖಾಸಗಿಯವರ ಕೈಯಲ್ಲಿದ್ದುವು. 1456ರಲ್ಲಿ ನಗರಸಭೆ ಅವನ್ನು ಕೊಂಡಿತು. ತೆತ್ತ ಬೆಲೆ ಹೊನ್ನಲ್ಲ, ಊರಿನ ಹುಲ್ಲುಗಾವಲಿನಲ್ಲಿ 2 ವರ್ಷ ಮೇಯಿಸಿಕೊಳ್ಳುವ ಹಕ್ಕು! ಪಶುಗಳ ಕ್ಷೇಮವನ್ನು ಕೋರಿದ ಬರಹಕ್ಕೆ ಹುಲ್ಲೇ ಮೌಲ್ಯವಾಯಿತು. ಓದಲು ಬಾರದ ಲೋಹದ ತಗಡುಗಳಿಗಾಗಿ ಒಂದು ಪೌರಸಭೆ ತನ್ನ ಗೋಮಾಳವನ್ನು ಬಿಟ್ಟುಕೊಟ್ಟದ್ದು ಸಾಮಾನ್ಯವೇ?

ಅವು ಇಂದು ಇರುವುದು ಕಾನ್ಸಲರ ಅರಮನೆಯಲ್ಲಿ. ಅರಮನೆಯೆಂದರೆ ಅರಸನ ಮನೆಯಲ್ಲ. ಪೌರರು ತಮ್ಮ ಅಧಿಕಾರಿಗಳಿಗಾಗಿ 1332ರಲ್ಲಿ ಕಟ್ಟಲಾರಂಭಿಸಿದ ಭವನ. ಊರಿನಲ್ಲಿ 4 ಪೇಟೆಗಳು. ಒಂದು ಪೇಟೆಯಲ್ಲಿ ಕಟ್ಟಿದರೆ ಉಳಿದ ಮೂರಕ್ಕೆ ಮುನಿಸು. ನಾಲ್ಕೂ ಕೂಡುವಲ್ಲಿ ಕಟ್ಟೋಣವೆಂದರೆ ಅಲ್ಲಿದ್ದುದು ಬರಿಯ ಇಳಿಜಾರು. ಭಾರಿ ಕಮಾನುಗಳನ್ನೆತ್ತಿ, ಅವುಗಳ ಮೇಲೆ ಗಾಳಿಯಲ್ಲಿ ತೂಗುವಂತಹ ಚೌಕವೊಂದನ್ನು ನಿರ್ಮಿಸಿದರು. ಸಮನೆಲವಿಲ್ಲದ ಊರಿಗೆ ಸಮನೆಲವನ್ನು ಜನರೇ ಮಾಡಿಕೊಂಡರು. 1348ರಲ್ಲಿ ಮಹಾಮಾರಿ ಯೂರೋಪನ್ನೆಲ್ಲ ಬಡಿಯಿತು. ಕಾನ್ಸಲರ ಭವನ ಮುಗಿಯಿತು. ಚೌಕದ ಎದುರು ಬದಿಯ ಭವನ ಅಪೂರ್ಣವಾಗಿಯೇ ಉಳಿಯಿತು.

1384ರಲ್ಲಿ ಪುರ ಉರ್ಬಿನೊ ಪ್ರಭುಗಳಾದ ಮಾಂಟೆಫೆಲ್ಟ್ರೊ ವಂಶದ ವಶವಾಯಿತು. ಆ ವಂಶದ ವಿದ್ಯಾಪ್ರೇಮಿ ಫೆಡೆರಿಗೊ ಇಲ್ಲಿನ ತನ್ನ ಅರಮನೆಗೆ ಬಣ್ಣಬಣ್ಣದ ಮರಗಳ ಕೆತ್ತಿಗೆಯಿಂದ ಅಲಂಕರಿಸಿದ ಓದುವ ಕೋಣೆಯೊಂದನ್ನು ಮಾಡಿಸಿದನು. ಅದರ ಹಲಗೆಗಳು ಮಾರಾಟವಾಗಿ, ಕಡೆಗೆ 1939ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿದುವು. ಪ್ರಭುವಿನ ಕೋಣೆ ಸಾಗರ ದಾಟಿತು. ಹುಲ್ಲಿಗೆ ಕೊಂಡ ಕಂಚು ಊರಿನಲ್ಲಿಯೇ ಇದೆ.

ಪ್ರತಿವರ್ಷ ಮೇ 15ರಂದು ಆ ಚೌಕದಲ್ಲಿ ಕಾಲಿಡಲು ಜಾಗವಿರದು. ಸುಮಾರು 300 ಕಿಲೋಗ್ರಾಂ ತೂಕದ 3 ಮರದ ಗೋಪುರಗಳನ್ನು ಹೆಗಲೇರಿಸಿಕೊಂಡು ಜನ ಬೆಟ್ಟದ ತುದಿಯ ದೇವಾಲಯಕ್ಕೆ ಓಡುತ್ತಾರೆ. 1160ರಲ್ಲಿ ತೀರಿಕೊಂಡ ಬಿಷಪ್ ಉಬಾಲ್ಡೊನ ಗೋಪುರವೇ ಎಂದೆಂದಿಗೂ ಮುಂದು, ಅದನ್ನು ದಾಟುವಂತಿಲ್ಲ. ಯಾರು ಗೆಲ್ಲುವರೆಂಬುದು ಮೊದಲೇ ತಿಳಿದಿದ್ದರೂ ಉಸಿರು ಕಟ್ಟಿ ಓಡುವ ಪಂದ್ಯವನ್ನು ಬೇರೆಲ್ಲಿ ಕಾಣಬೇಕು! ಇದು ಕಂಚಿನ ಫಲಕಗಳ ಆಚಾರದ ಮುಂದುವರಿಕೆಯೆಂದು ಕೆಲವು ವಿದ್ವಾಂಸರ ಮತ. ನಡುವಣ ಶತಮಾನಗಳ ಅಂತರವನ್ನು ನೋಡಿದರೆ ಅದನ್ನೊಪ್ಪಲು ನನಗೆ ಧೈರ್ಯ ಸಾಲದು.

ಪುರದ ಬುಡದಲ್ಲಿ ಇನ್ನೊಂದು ಸ್ಥಳವುಂಟು; ಪ್ರವಾಸಿಗಳು ಅಲ್ಲಿಗೆ ಹೋಗುವುದು ಕಡಮೆ. 1944ರ ಜೂನ್ 22ರಂದು ಜರ್ಮನ್ ಸೈನಿಕರು ತಮ್ಮ ಅಧಿಕಾರಿಯೊಬ್ಬನ ಕೊಲೆಗೆ ಪ್ರತೀಕಾರವಾಗಿ 40 ಮಂದಿ ನಿರಪರಾಧಿಗಳನ್ನು ಅಲ್ಲಿ ಗುಂಡಿಕ್ಕಿ ಕೊಂದರು. ಊರಿನವರು ಅವರಿಗೆ ಸಮಾಧಿಮಂದಿರವನ್ನು ಕಟ್ಟಿದ್ದಾರೆ. ಅವರು ನಿಂತಿದ್ದ ಗೋಡೆಯನ್ನು ಕೆಡವಿಲ್ಲ. ಗುಂಡಿನ ಕಲೆಗಳು ಅದರ ಮೇಲೆ ಹಾಗೆಯೇ ಇವೆ.