ಯಾರಿಗೆ ಯಾವ ಮಾತ್ರೆ? ಜೀನ್ ಪರೀಕ್ಷೆಯ ಏಳು ದಶಕ ಮತ್ತು ಯಾದಗಿರಿ ಸೀಮೆ

ಒಂದೇ ಮಾತ್ರೆ ಒಬ್ಬರಿಗೆ ಗುಣ ಕೊಟ್ಟರೆ ಇನ್ನೊಬ್ಬರಿಗೆ ಯಾಕೆ ಒಗ್ಗುವುದಿಲ್ಲ? ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು ಮಲೇರಿಯಾದಿಂದ. ಪ್ರೈಮಾಕ್ವಿನ್ ನುಂಗಿದ ಕೆಲವರಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತಿದ್ದವು. ಅಂಥವರಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ ಎಂದು 1956ರಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡರು. ಮರುವರ್ಷ ಆರ್ನೋ ಮೊಟುಲ್ಸ್ಕಿ ಇಂಥ ಪ್ರಕರಣಗಳನ್ನು ಒಟ್ಟುಗೂಡಿಸಿ, ಔಷಧಿಯ ಅಡ್ಡಪರಿಣಾಮಕ್ಕೂ ವಂಶವಾಹಿಗೂ ನಂಟಿದೆ ಎಂದು ವಾದಿಸಿದರು. 1959ರಲ್ಲಿ ಜರ್ಮನಿಯ ಫ್ರೀಡ್ರಿಖ್ ಫೋಗೆಲ್ ಈ ಶಾಸ್ತ್ರಕ್ಕೆ ಫಾರ್ಮಕೋಜೆನೆಟಿಕ್ಸ್ ಎಂದು ಹೆಸರಿಟ್ಟರು.

ಎರಡನೇ ಪಾಠ ನಮ್ಮ ನೆರೆಯ ಮದ್ರಾಸಿನದು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಕೆಲವರ ದೇಹದಲ್ಲಿ ಬೇಗ ಕರಗುತ್ತದೆ, ಕೆಲವರಲ್ಲಿ ನಿಧಾನ. ದಕ್ಷಿಣ ಭಾರತದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಧಾನದ ಗುಂಪಿನವರು. 1956ರಲ್ಲಿ ಶುರುವಾದ ಮದ್ರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ವಾರಕ್ಕೊಮ್ಮೆ ಔಷಧಿ ಕೊಡುವ ಕ್ರಮವನ್ನು ಪರೀಕ್ಷಿಸಿದಾಗ, ಬೇಗ ಕರಗಿಸುವವರಲ್ಲಿ ಗುಣ ಕಡಿಮೆ ಕಂಡಿತು. ದಿನವೂ ಕೊಟ್ಟರೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಂದರೆ ಪ್ರತಿಯೊಬ್ಬರ ಜೀನ್ ನೋಡಲೇಬೇಕೆಂದಿಲ್ಲ. ಎಲ್ಲರಿಗೂ ಹೊಂದುವ ಕ್ರಮ ಸಿಕ್ಕರೆ ಪರೀಕ್ಷೆಯೇ ಬೇಕಿಲ್ಲ.

ಮೂರನೆಯದು ಅರಿವಳಿಕೆಯ ಕತೆ. ಇದು ಯಾದಗಿರಿ, ಶಹಾಪುರ, ಸುರಪುರದ ಪೇಟೆಗಳಿಗೂ ಸಂಬಂಧಪಟ್ಟದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ಗಂಟಲಿಗೆ ನಳಿಕೆ ಇಳಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ವೈದ್ಯರ ಬಾಯಲ್ಲಿ ‘ಸ್ಕೋಲಿನ್’. ಚುಚ್ಚಿದ ಒಂದು ನಿಮಿಷದೊಳಗೆ ಸ್ನಾಯುಗಳೆಲ್ಲ ಸಡಿಲಾಗುತ್ತವೆ. ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿನ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ, ರೋಗಿ ತಾನೇ ಉಸಿರಾಡತೊಡಗುತ್ತಾನೆ. ಆ ಕಿಣ್ವದ ಕೊರತೆ ಇದ್ದವರಲ್ಲಿ ಮಾತ್ರ ಗಂಟೆಗಟ್ಟಲೆ ಕೈಕಾಲು ಆಡುವುದಿಲ್ಲ, ಎದೆ ಏಳುವುದಿಲ್ಲ. ಔಷಧಿ ಇಳಿಯುವ ತನಕ ಯಂತ್ರದಿಂದ ಉಸಿರು ಕೊಡುತ್ತಾ ಕಾಯಬೇಕು. ಈ ಕೊರತೆ ವಂಶದಿಂದ ಬರುತ್ತದೆಂದು 1950ರ ದಶಕದಲ್ಲಿ ತೋರಿಸಿದವರು ಟೊರೊಂಟೊದ ವರ್ನರ್ ಕಾಲೋ.

ಈ ಪೇಟೆಗಳಲ್ಲೂ ಇರುವ ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕೊರತೆ ಬೇರೆಡೆಗಿಂತ ಬಹಳ ಹೆಚ್ಚು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಹಿನ್ನೆಲೆಯನ್ನು ಬಿಡಿಸಿಟ್ಟಿತು: ಸಣ್ಣ ಗುಂಪೊಂದರಿಂದ ಬೆಳೆದು, ಹಲವಾರು ತಲೆಮಾರು ಒಳಗೊಳಗೇ ಸಂಬಂಧ ಬೆಳೆಸಿದ ಸಮುದಾಯಗಳಲ್ಲಿ ಅಪರೂಪದ ಜೀನ್‌ಗಳೂ ದಟ್ಟವಾಗುತ್ತವೆ. ಭಾರತದ ಅನೇಕ ಜಾತಿ, ಬುಡಕಟ್ಟುಗಳಿಗೆ ಇದು ಅನ್ವಯಿಸುತ್ತದೆ. ಹಾಗಾಗಿ ಇದು ಒಂದು ಸಮುದಾಯದ ಮೇಲೆ ಹೊರಿಸುವ ಕಳಂಕವಲ್ಲ. ಸ್ಕೋಲಿನ್ ಬದಲು ಬೇರೆ ಔಷಧಿ ಬಳಸಬಹುದಾದ್ದರಿಂದ ಇಲ್ಲಿ ಮುನ್ನರಿವೇ ಅರ್ಧ ಚಿಕಿತ್ಸೆ. ‘ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಎಚ್ಚರ, ಉಸಿರು ತಡವಾಗಿತ್ತೇ?’ ಎಂದು ಕೇಳುವುದಕ್ಕೆ ಪ್ರಯೋಗಾಲಯವೂ ಬೇಡ.

2003ರಲ್ಲಿ ಮಾನವ ಜಿನೋಮ್ ಯೋಜನೆ ಮುಗಿದ ಮೇಲೆ ನಿರೀಕ್ಷೆಗಳು ಮುಗಿಲು ಮುಟ್ಟಿದವು. ನಿಜವಾದ ಫಲ ಸಿಕ್ಕಿದ್ದು ಕೆಲವೇ ಔಷಧಿಗಳಲ್ಲಿ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಕೆಲವರಲ್ಲಿ ಚರ್ಮ ಸುಲಿಯುವಂಥ ಮಾರಕ ಪ್ರತಿಕ್ರಿಯೆ ತರುತ್ತದೆ. ಏಷ್ಯಾ ಮೂಲದವರಿಗೆ ಮೊದಲು ಜೀನ್ ಪರೀಕ್ಷೆ ಮಾಡಿ ಎಂದು 2007ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸೂಚಿಸಿತು. ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೋಪಿಡೋಗ್ರೆಲ್ ಯಕೃತ್ತಿನಲ್ಲಿ ಬದಲಾದ ಮೇಲೆಯೇ ಕೆಲಸ ಮಾಡುತ್ತದೆ. ಆ ಬದಲಾವಣೆ ಮಾಡುವ ಜೀನ್ ದುರ್ಬಲವಾಗಿರುವವರು ದಕ್ಷಿಣ ಏಷ್ಯಾದಲ್ಲಿ ಹೆಚ್ಚು. ಇದರ ಬಗ್ಗೆ ಎಫ್‌ಡಿಎ 2010ರಲ್ಲಿ ಎಚ್ಚರಿಸಿತು. ಪಾರ್ಶ್ವವಾಯು ರೋಗಿಗಳಿಗೆ ಈ ಪರೀಕ್ಷೆ ಮಾಡಿಸಲು 2024ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಶಿಫಾರಸು ಮಾಡಿತು. ಹೃದಯದ ಚಿಕಿತ್ಸೆಗೆ ಕಲಬುರಗಿಯ ಜಯದೇವ ಆಸ್ಪತ್ರೆಗೆ ಹೋಗುವ ಯಾದಗಿರಿಯವರಿಗೆ ಇದು ದೂರದ ಸಂಗತಿಯಲ್ಲ. 2023ರಲ್ಲಿ ಪ್ರಕಟವಾದ ಯುರೋಪಿನ ಏಳು ದೇಶಗಳ ಅಧ್ಯಯನದಲ್ಲಿ, 12 ಜೀನ್ ನೋಡಿ ಔಷಧಿ ಕೊಟ್ಟಾಗ ಅಡ್ಡಪರಿಣಾಮ ಸುಮಾರು 30% ಇಳಿಯಿತು. ಆದರೆ ಯಾರಿಗೆ ಜೀನ್ ನೋಡಿ ಔಷಧಿ ಕೊಡಲಾಗಿದೆ ಎಂಬುದು ರೋಗಿಗಳಿಗೂ ವೈದ್ಯರಿಗೂ ಗೊತ್ತಿತ್ತು ಎಂಬ ತಕರಾರು ಉಳಿದಿದೆ.

ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಹೊರದೇಶದವರ ರಕ್ತದ ಮೇಲೆ ನಿಂತಿವೆ. ಆ ಕೊರತೆ ನೀಗಲು 2020ರಲ್ಲಿ ಜಿನೋಮ್ ಇಂಡಿಯಾ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ ಓದಿದ 10,000 ಜನರ ಜಿನೋಮ್ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು.

ಊಟದ ವಿಷಯಕ್ಕೆ ಬಂದರೆ ಪುರಾವೆ ತೆಳ್ಳಗಾಗುತ್ತದೆ. ಹಾಲಿನ ಸಕ್ಕರೆ ಜೀರ್ಣಿಸುವ ಜೀನ್ ಭಾರತದ ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ ಎಂಬುದು ಖಚಿತ. ಆದರೆ ಹಾಲಿಗೆ ಹೊಟ್ಟೆ ಉಬ್ಬರಿಸುವವರು ಜೋಳದ ರೊಟ್ಟಿಯ ಜೊತೆ ಮಜ್ಜಿಗೆ ಕುಡಿದು ಆರಾಮಾಗಿ ಇರುವುದನ್ನು ಪರೀಕ್ಷೆಯಿಲ್ಲದೆಯೂ ಬಲ್ಲೆವು. ‘ನಿಮ್ಮ ಡಿಎನ್‌ಎಗೆ ತಕ್ಕ ಡಯಟ್’ ಎಂಬ ಜಾಹೀರಾತಿಗೆ ಬಲವಾದ ಉತ್ತರ 2018ರ ಸ್ಟ್ಯಾನ್‌ಫೋರ್ಡ್ ಪ್ರಯೋಗ. 609 ಮಂದಿಗೆ ಕೊಬ್ಬು ಅಥವಾ ಪಿಷ್ಟ ಕಡಿಮೆ ಇರುವ ಆಹಾರ ಸೂಚಿಸಿ ವರ್ಷ ಕಾಲ ನೋಡಿದಾಗ, ಯಾರಿಗೆ ಯಾವುದು ಹೊಂದುತ್ತದೆಂದು ಜೀನ್ ಹೇಳಲಿಲ್ಲ. ಯುರೋಪಿನ ಫುಡ್4ಮಿ ಪ್ರಯೋಗದಲ್ಲಿ ವೈಯಕ್ತಿಕ ಸಲಹೆಯೇನೋ ನೆರವಾಯಿತು. ಆದರೆ ಅದಕ್ಕೆ ಜೀನ್ ಮಾಹಿತಿ ಸೇರಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. ಮಕ್ಕಳ ಬೆಳವಣಿಗೆ ಕುಂಠಿತವಾಗಿರುವ ಜಿಲ್ಲೆಗಳಲ್ಲಿ ಯಾದಗಿರಿ ರಾಜ್ಯದಲ್ಲೇ ಮುಂಚೂಣಿಯಲ್ಲಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಲ್ಲಿ ಕೊರತೆ ಇರುವುದು ತಟ್ಟೆಯಲ್ಲಿ, ಕೂಲಿಯಲ್ಲಿ, ಗುಳೆ ಹೋಗುವ ಬದುಕಿನಲ್ಲಿ, ಜೀನ್‌ನಲ್ಲಿ ಅಲ್ಲ.

ಹಾಗಾದರೆ 2009ರ ಕೊನೆಯಲ್ಲಿ ಜಿಲ್ಲೆಯಾಗಿ, ಈಗ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜೂ ಇರುವ ಈ ಸೀಮೆಗೆ ಏನು ಬೇಕು? ಮೊದಲನೆಯದು ಜಿ6ಪಿಡಿ ಪರೀಕ್ಷೆ. ನಾರಾಯಣಪುರ ಕಾಲುವೆಯ ನೀರು ಹರಿಯುವ ಸುರಪುರ, ಶಹಾಪುರ ತಾಲ್ಲೂಕುಗಳಿಗೆ ಮಲೇರಿಯಾ ಹೊಸದಲ್ಲ. ವೈವಾಕ್ಸ್ ಮಲೇರಿಯಾ ಮರುಕಳಿಸದಿರಲು ಪ್ರೈಮಾಕ್ವಿನ್ 14 ದಿನ ಕೊಡಬೇಕು. ಆಶಾ ಕಾರ್ಯಕರ್ತೆ ಮಾತ್ರೆ ಕೊಡುವಾಗಲೇ ‘ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಬರ್ರಿ’ ಎಂದು ಹೇಳಿದರೆ ಒಂದು ಜೀವ ಉಳಿಯಬಹುದು. ಎರಡನೆಯದು ಪ್ರತಿ ಆಪರೇಷನ್ ಕೇಸ್‌ಶೀಟಿನಲ್ಲಿ ಕುಟುಂಬದ ಅರಿವಳಿಕೆ ಚರಿತ್ರೆಗೆ ಒಂದು ಸಾಲು. ಮೂರನೆಯದು ಕ್ಲೋಪಿಡೋಗ್ರೆಲ್‌ನಂಥ ಕೆಲವು ಔಷಧಿಗಳಿಗೆ ಕಲಬುರಗಿ ಮಟ್ಟದಲ್ಲಿ, ಬಡವರ ಕೈಗೆಟಕುವ ಪರೀಕ್ಷೆ. ಏಳು ದಶಕದ ಅನುಭವ ಹೇಳುವುದು ಇಷ್ಟೇ: ಇಂಥ ಔಷಧಿ, ಇಂಥ ಅಪಾಯ, ಇಂಥ ಬದಲಿ ಎಂದು ಮೊದಲೇ ಗೊತ್ತಿರುವಲ್ಲಿ ಜೀನ್ ಪರೀಕ್ಷೆಗೆ ಬೆಲೆಯಿದೆ. ಆ ಮೂರೂ ಇಲ್ಲದ ಕಡೆ ಅದೇ ಹಣ ಅಂಗನವಾಡಿಯ ಮೊಟ್ಟೆಗೆ ಹೋಗುವುದು ಲೇಸು.