ಎಲ್ಲೆ, ಬೇಲಿ ಮತ್ತು ನೆರೆಯವರ ಸಾಕ್ಷ್ಯ

ಎರಡು ಹೊಲಗಳ ನಡುವಿನ ಎಲ್ಲೆ ಅಗಲವಿಲ್ಲದ ಒಂದು ಗೆರೆ. ಆದರೆ ಆ ಗೆರೆಯನ್ನು ಕಾಯಲೆಂದು ನೆಟ್ಟ ಕಳ್ಳಿ, ಲಕ್ಕಿ, ಸೀಗೆ, ಕತ್ತಾಳೆಗಳು ಜೀವವುಳ್ಳ ಗಿಡಗಳಾದ್ದರಿಂದ, ವರ್ಷಕ್ಕೊಮ್ಮೆ ಸವರದೆ ಬಿಟ್ಟರೆ ಎರಡೂ ಬದಿಗೆ ಹಬ್ಬಿ, ಬದುವನ್ನು ಮುಚ್ಚಿ, ಉಳುಮೆಯ ನೆಲವನ್ನು ಸಾಲುಸಾಲಾಗಿ ನುಂಗುತ್ತವೆ. ಬೇಲಿಯೇ ಎದ್ದು ಹೊಲ ಮೇಯುವ ಮಾತನ್ನು ಕಾಯಬೇಕಾದವರೇ ಕೆಡಿಸುವ ಅನ್ಯಾಯಕ್ಕೆ ಬಳಸುವುದು ವಾಡಿಕೆಯಾದರೂ, ಒಕ್ಕಲುತನದಲ್ಲಿ ಅದು ಅಕ್ಷರಶಃ ನಡೆಯುವ ಸಂಗತಿಯೇ ಆಗಿದೆ. ಹೀಗೆ ಬೆಳೆದ ಬೇಲಿಯ ಯಾವ ಭಾಗದಲ್ಲಿ ನಿಜವಾದ ಎಲ್ಲೆ ಹಾದುಹೋಗಿದೆ ಎಂಬ ಪ್ರಶ್ನೆಗೆ ಕನ್ನಡ ನಾಡು ಬೇರೆ ಬೇರೆ ಕಾಲಗಳಲ್ಲಿ ಕೊಟ್ಟುಕೊಂಡ ಉತ್ತರಗಳನ್ನು ಗಮನಿಸಿದರೆ, ಗುರುತುಗಳು ಎಷ್ಟೇ ಬದಲಾದರೂ ತೀರ್ಮಾನ ಮಾತ್ರ ನೆರೆಯವರ ಸಾಕ್ಷ್ಯವನ್ನು ಬಿಟ್ಟು ನಿಂತದ್ದು ವಿರಳವೆಂಬುದು ಕಾಣುತ್ತದೆ.

ಧರ್ಮಶಾಸ್ತ್ರಗಳು ಬೇಲಿಯನ್ನು ಹೊಲದ ಒಡೆಯನ ಕರ್ತವ್ಯವೆಂದು ಎಣಿಸಿದವು. ಒಂಟೆ ಕತ್ತೆತ್ತಿದರೂ ಆಚೆಗೆ ನೋಡಲಾಗದಷ್ಟು ಎತ್ತರದ, ನಾಯಿಯಾಗಲಿ ಹಂದಿಯಾಗಲಿ ಮೂತಿ ತೂರಿಸುವಷ್ಟೂ ಕಂಡಿಯಿಲ್ಲದ ಬೇಲಿ ಇರಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಊರಿನ ಸುತ್ತಲಿನ ಗೋಮಾಳದ ಅಂಚಿನಲ್ಲಿ ಬೇಲಿಯಿಲ್ಲದ ಪೈರನ್ನು ದನ ತಿಂದರೆ ದನಗಾಹಿಗೆ ದಂಡವಿಲ್ಲವೆಂದೂ ಅದೇ ಪ್ರಕರಣ ಹೇಳುತ್ತದೆ. ಎಲ್ಲೆಯ ಜಗಳಕ್ಕೆ ಅಲ್ಲಿ ‘ಸೀಮಾವಿವಾದ’ವೆಂಬ ಪ್ರತ್ಯೇಕ ವ್ಯವಹಾರಪದ, ಅಂದರೆ ಮೊಕದ್ದಮೆಯ ವರ್ಗವೇ ಇದೆ. ಮರ, ಪೊದೆ, ದಿಬ್ಬಗಳಂಥ ಕಾಣುವ ಗುರುತುಗಳ ವಿಷಯದಲ್ಲಿ ಜನ ಸದಾ ಎಡವುತ್ತಾರೆಂಬುದನ್ನು ಬಲ್ಲ ಸ್ಮೃತಿಕಾರರು, ಮೂಳೆ, ಹೊಟ್ಟು, ಬೂದಿ, ಇದ್ದಿಲು, ಮಡಕೆಚೂರು ಮುಂತಾದ, ಬೇಗನೆ ಮಣ್ಣಾಗಿ ಹೋಗದ ವಸ್ತುಗಳನ್ನು ಎಲ್ಲೆಯುದ್ದಕ್ಕೂ ಹೂಳಿಡಬೇಕೆಂದು ವಿಧಿಸಿದರು. ಎಲ್ಲೆಯ ಮೇಲೆಯೇ ಹುಟ್ಟಿದ ಮರದ ಹೂವು ಹಣ್ಣುಗಳು ಎರಡೂ ಹೊಲದವರಿಗೆ ಸಮಾನವೆಂಬ ಕಾತ್ಯಾಯನನ ನಿಯಮವಂತೂ ಗೆರೆಯನ್ನು ಯಾರಿಗೂ ಬಿಟ್ಟುಕೊಡದೆ ಇಬ್ಬರಿಗೂ ಸೇರಿಸುವ ವಿವೇಕದ ನಿಯಮವಾಗಿದೆ.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರ’ ಟೀಕೆ ಈ ವಿಚಾರವನ್ನು ಕನ್ನಡ ನೆಲಕ್ಕೆ ನೇರವಾಗಿ ತರುತ್ತದೆ. ಮೂಲ ಸ್ಮೃತಿಯ ಪ್ರಕಾರ ಎಲ್ಲೆಯನ್ನು ನಿರ್ಣಯಿಸಬೇಕಾದವರು ‘ಸಾಮಂತರು’, ಎಂದರೆ ಈ ಸಂದರ್ಭದಲ್ಲಿ ಸುತ್ತಲಿನ ನೆಲದವರು, ಮತ್ತು ಅವರೊಂದಿಗೆ ಊರಿನ ವೃದ್ಧರು, ದನಗಾಹಿಗಳು, ಎಲ್ಲೆಗಂಟಿದ ನೆಲವನ್ನು ಉಳುವವರು, ಕಾಡಿನಲ್ಲಿ ತಿರುಗುವವರು. ಗುರುತುಗಳು ಅಳಿದುಹೋಗಿದ್ದರೆ ನಾಲ್ವರು, ಎಂಟು ಮಂದಿ ಅಥವಾ ಹತ್ತು ಮಂದಿ ಸಾಕ್ಷಿಗಳು ಕೆಂಪು ಹೂಮಾಲೆ ಹಾಕಿ, ಕೆಂಪು ಬಟ್ಟೆ ಉಟ್ಟು, ತಲೆಯ ಮೇಲೆ ಮಣ್ಣು ಹೊತ್ತು ಎಲ್ಲೆಯನ್ನು ನಡೆದು ತೋರಿಸಬೇಕು; ಸುಳ್ಳಾಡಿದವರಿಗೆ ಮಧ್ಯಮ ಪ್ರಮಾಣದ ದಂಡ. ಬಲ್ಲವರೂ ಗುರುತುಗಳೂ ಇಲ್ಲದಿದ್ದಲ್ಲಿ ಮಾತ್ರ ಅರಸನು ತಾನೇ ಎಲ್ಲೆಯನ್ನು ಗೊತ್ತುಪಡಿಸಬೇಕು.

ಶಾಸನಗಳೂ ಇದೇ ಅರಿವನ್ನು ನೆಚ್ಚಿಕೊಂಡಿವೆ. ಗಂಗರ ಕಾಲದ ಹಲವು ತಾಮ್ರಪಟಗಳಲ್ಲಿ ರಾಜವಂಶದ ಹೊಗಳಿಕೆ ಸಂಸ್ಕೃತದಲ್ಲಿದ್ದು, ದಾನದ ಭೂಮಿಯ ಎಲ್ಲೆಗಳ ವಿವರಕ್ಕೆ ಬಂದೊಡನೆ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಹುಣಸೆಮರ, ಹುತ್ತ, ಹಳ್ಳ, ಬಂಡೆಗಳನ್ನು ಗುರುತಿಸಬೇಕಾದವರು ಆ ಊರಿನ ಒಕ್ಕಲುಗಳೇ ಆಗಿದ್ದುದು ಇದಕ್ಕೆ ಕಾರಣವಿರಬೇಕು. ದಾನಭೂಮಿಯ ಮೂಲೆಗಳಲ್ಲಿ ನೆಟ್ಟ ಗಡಿಕಲ್ಲುಗಳ ಪೈಕಿ ಶಿವಾಲಯದ ಭೂಮಿಗೆ ಲಿಂಗಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆ, ಬ್ರಾಹ್ಮಣರಿಗೆ ಬಿಟ್ಟ ಭೂಮಿಗೆ ಕೊಡೆ ಹಿಡಿದ ವಾಮನನ ಚಿತ್ರ ಇರುತ್ತಿದ್ದವು. ಇಷ್ಟಾಗಿಯೂ ಮಾತಿನಲ್ಲಿ ಬಗೆಹರಿಯದ ಎಲ್ಲೆಗಳಿದ್ದವೆಂಬುದಕ್ಕೆ ಗಡಿಕಾಳಗದಲ್ಲಿ ಮಡಿದವರ ವೀರಗಲ್ಲುಗಳು ಸಾಕ್ಷಿ.

ಸ್ಮೃತಿ ಹೇಳಿದ ಮಣ್ಣು ಹೊರುವ ವಿಧಿ ಹಳೆಯ ಮೈಸೂರು ಸೀಮೆಯಲ್ಲಿ ಪುಸ್ತಕದ ಮಾತಾಗಿ ಉಳಿಯದೆ, ಹತ್ತೊಂಬತ್ತನೆಯ ಶತಮಾನದವರೆಗೂ ಜೀವಂತವಾಗಿತ್ತು. ಅಲ್ಲಿ ಎಲ್ಲೆಯ ಕೊನೆಯ ಮಾತು ಕುಳವಾಡಿಯದಾಗಿತ್ತು. ಕುಳವಾಡಿಯೆಂದರೆ ಹೊಲೆಯ ಸಮುದಾಯಕ್ಕೆ ಸೇರಿದ, ವಂಶಪರಂಪರೆಯಿಂದ ಬಂದ ಗ್ರಾಮಸೇವಕ. ಜೆ. ಎಸ್. ಎಫ್. ಮೆಕೆಂಝಿ ಎಂಬ ಅಧಿಕಾರಿ 1873ರಲ್ಲಿ ದಾಖಲಿಸಿದಂತೆ, ಊರಿನ ಮಣ್ಣಿನಿಂದ ಉಂಡೆ ಮಾಡಿ, ಅದರ ನಡುವೆ ನೀರು ಹೊಯ್ದು, ಅದನ್ನು ಕುಳವಾಡಿಯ ತಲೆಯ ಮೇಲಿಡುತ್ತಿದ್ದರು. ಅವನು ಎಲ್ಲೆಯ ಮೇಲೆ ಸರಿಯಾಗಿ ನಡೆದರೆ ಉಂಡೆಗೆ ಏನೂ ಆಗದು, ತಿಳಿಯದೆ ಗೆರೆ ದಾಟಿದರೂ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳುಬೀಳುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು. ಊರೊಳಗೆ ಮನೆ ಕಟ್ಟಲು ಬಿಡದ ಸಮಾಜವೇ ಊರಿನ ನೆಲದ ನಿಜವನ್ನು ಅವನ ನೆನಪಿನಲ್ಲಿ ಇಟ್ಟು, ತಪ್ಪಿನ ಭಾರವನ್ನೂ ಅವನ ತಲೆಗೇ ಕಟ್ಟಿತ್ತೆಂಬುದನ್ನು ಗ್ರಾಮನ್ಯಾಯದ ಗುಣಗಾನ ಮಾಡುವವರು ಮರೆಯಬಾರದು.

ಈ ನಡುವೆ ಬೇಲಿಯ ಗಿಡಗಳೂ ಬದಲಾದವು. ಅಮೆರಿಕ ಮೂಲದ ಕತ್ತಾಳೆ ಮತ್ತು ಪಾಪಾಸುಕಳ್ಳಿ ಹೊಲದ ಅಂಚುಗಳನ್ನು ಸೇರಿದ ಮೇಲೆ ಬೇಲಿ ಹಾಕುವುದು ಸುಲಭವಾಯಿತು, ಹಿಡಿತದಲ್ಲಿಡುವುದು ಕಷ್ಟವಾಯಿತು. ಮುರಿದು ಬಿದ್ದ ಒಂದು ದಳವೂ ಬೇರುಬಿಡುವ ಪಾಪಾಸುಕಳ್ಳಿ ದಕ್ಷಿಣ ಭಾರತದಲ್ಲಿ ಎಷ್ಟು ಹಬ್ಬಿತೆಂದರೆ, ಅದನ್ನು ತಿನ್ನುವ ಕೀಟವೊಂದನ್ನು 1926ರಲ್ಲಿ ಶ್ರೀಲಂಕಾದಿಂದ ತರಿಸಬೇಕಾಯಿತು.

ಕಂದಾಯ ಮೋಜಣಿ ಬಂದಾಗ ಎಲ್ಲೆ ನೆನಪಿನಿಂದ ಕಾಗದಕ್ಕೆ ಇಳಿಯಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ ಮುಂಬಯಿ ಪದ್ಧತಿ ಮೊದಲು ಧಾರವಾಡ, ಬೆಳಗಾವಿಗಳ ಕಡೆಗೂ, 1863ರಿಂದ ಮೈಸೂರು ಸಂಸ್ಥಾನಕ್ಕೂ ಹಬ್ಬಿತು. 33 ಅಡಿಯ ಸರಪಳಿಯನ್ನು 16 ಆಣೆಗಳಾಗಿ ಭಾಗಿಸಿ ಅಳೆಯಲಾಯಿತು. ಒಂದು ಚದರ ಸರಪಳಿ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಅಳತೆಗಳು ‘ಟಿಪ್ಪಣಿ’ ಎಂಬ ನಕ್ಷೆಪತ್ರದಲ್ಲಿ ಸೇರಿದವು, ಮೂಲೆಗಳಲ್ಲಿ ಬಾಂದುಕಲ್ಲುಗಳು ನಿಂತವು. ಒಂದು ಆಣೆ ಎರಡಡಿಗಿಂತ ತುಸುವೇ ಹೆಚ್ಚಾದ್ದರಿಂದ, ಬೆಳೆದ ಕಳ್ಳಿಯ ಒಂದು ಮೆಳೆ ಹಲವು ಆಣೆಗಳ ಅಳತೆಯನ್ನು ತನ್ನ ಕೆಳಗೆ ಅಡಗಿಸಬಲ್ಲುದು. ಕಲ್ಲು ಕಣ್ಮರೆಯಾಗುವುದು ಹೆಚ್ಚಾಗಿ ಅಂಥ ಮೆಳೆಯೊಳಗೇ.

ಇಂದಿನ ದಾರಿ ‘ಹದ್ದುಬಸ್ತು’, ಎಂದರೆ ದಾಖಲೆಯ ಪ್ರಕಾರ ಎಲ್ಲೆಯನ್ನು ಮತ್ತೆ ಅಳೆದು ಗುರುತಿಸಿಕೊಡುವ ಕ್ರಮ. ಖಾತೆದಾರನು ಅರ್ಜಿ ಕೊಟ್ಟ ಮೇಲೆ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ, ಭೂಮಾಪಕನು ಟಿಪ್ಪಣಿಯನ್ನು ಹಿಡಿದು ಸ್ಥಳಕ್ಕೆ ಬರುತ್ತಾನೆ, ಸರಪಳಿಯೋ ಟೇಪೋ ಹಾಯುವಷ್ಟು ಬೇಲಿಯನ್ನು ಕಡಿದು ದಾರಿ ಮಾಡಲಾಗುತ್ತದೆ, ಪಂಚರ ಎದುರಿಗೆ ಮಹಜರು ಬರೆದು ಸಹಿ ಪಡೆಯಲಾಗುತ್ತದೆ. ಗೆರೆ ಸಿಕ್ಕರೂ ಬೇಲಿ ಉಳಿದಿರುತ್ತದೆ: ಕಡಿದ ಸೌದೆ ಯಾರಿಗೆ, ಸೀಗೆಕಾಯಿಯನ್ನು ಯಾರು ಕೀಳಬೇಕು, ಮುಂದಿನ ಮುಂಗಾರಿಗೆ ಮೊದಲು ಸವರುವ ಕೂಲಿಯನ್ನು ಯಾರು ಕೊಡಬೇಕು ಎಂಬುದಕ್ಕೆ ಟಿಪ್ಪಣಿಯಲ್ಲಿ ಉತ್ತರವಿಲ್ಲ. ಅಂಥ ಕಡೆ ಬೇಲಿಯನ್ನು ಗೆರೆಯ ಎರಡೂ ಬದಿಗೆ ಸಮವಾಗಿ ಒಪ್ಪಿಕೊಂಡು, ಅವರವರ ಮುಖವನ್ನು ಅವರವರೇ ಸವರಿ, ಫಲವನ್ನು ಹಂಚಿಕೊಳ್ಳುವುದು ನ್ಯಾಯವಾದ ಏರ್ಪಾಡು. ಪಂಚರು ಅದೇ ದಿನ ಅದನ್ನು ಒಂದು ಒಪ್ಪಂದಪತ್ರವಾಗಿ ಬರೆಯಿಸಿ ಇಬ್ಬರಿಂದಲೂ ರುಜು ಹಾಕಿಸಿದರೆ, ಮುಂದಿನ ತಲೆಮಾರಿಗೆ ಬಾಂದುಕಲ್ಲಿನ ಜೊತೆಗೆ ಬೇಲಿಯ ಕಟ್ಟಳೆಯೂ ಬರವಣಿಗೆಯಲ್ಲಿ ಉಳಿಯುತ್ತದೆ.