ಒಂಟೆಯ ಹಾದಿಯ ಪರದೇಶಿ: ಬೆಜಾ ದರ್ವೇಶ್



ದುಡಿಮೆಗಾಗಿ ಊರು ಬಿಟ್ಟವರ ಕಥೆ ನಮ್ಮ ಪ್ರತಿ ಜಮಾಅತ್‌ಗೂ ಗೊತ್ತು. ನಮ್ಮ ಮಕ್ಕಳು ಗಲ್ಫ್‌ಗೆ ಹೋಗುವ ಎಷ್ಟೋ ವರ್ಷಗಳ ಮೊದಲೇ ಕರಾಚಿಯಲ್ಲಿ ಒಂಟೆಗಳ ಜೊತೆ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ ಮುಸ್ಲಿಮ್ ಕಾರ್ಮಿಕರಿದ್ದರು. ಅವರಲ್ಲೊಬ್ಬರನ್ನು ಈ ತಿಂಗಳು ನೆನೆಯೋಣ.

ಆ ಖಂಡದ ಒಳನಾಡು ಮರಳುಗಾಡು. ನೀರಿಲ್ಲದೆ ಕುದುರೆಗಳು ಸೋಲುತ್ತಿದ್ದವು. ಆದ್ದರಿಂದ 1860ರಿಂದ ಒಂಟೆಗಳನ್ನೂ ಅವುಗಳನ್ನು ಬಲ್ಲವರನ್ನೂ ಬ್ರಿಟಿಷ್ ಇಂಡಿಯಾದ ಕಡೆಯಿಂದ ತರಿಸಿದರು. ಬಂದವರಲ್ಲಿ ಪಠಾಣರು, ಬಲೂಚಿಗಳು, ಪಂಜಾಬಿಗಳು, ಸಿಂಧಿಗಳೆಲ್ಲ ಇದ್ದರು. ಅಲ್ಲಿಯವರು ಎಲ್ಲರನ್ನೂ ‘ಅಫ್ಘಾನ್’ ಎಂದೇ ಕರೆದರು. ಟೆಲಿಗ್ರಾಫ್ ತಂತಿಯ ಸಾಮಗ್ರಿ, ಉಣ್ಣೆ, ಹಿಟ್ಟು ಎಲ್ಲವನ್ನೂ ಹೊತ್ತದ್ದು ಇವರ ಒಂಟೆಗಳೇ.

ಬೆಜಾ ದರ್ವೇಶ್ ಬಲೂಚಿಸ್ತಾನದವರು. ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿದ್ದು, 1890ರ ಸುಮಾರಿಗೆ ಆಸ್ಟ್ರೇಲಿಯಾ ತಲುಪಿದರು. 1896ರಲ್ಲಿ ಲಾರೆನ್ಸ್ ವೆಲ್ಸ್ ಎಂಬವರ ಅನ್ವೇಷಣಾ ತಂಡಕ್ಕೆ ಒಂಟೆ ನಡೆಸಿದರು. ಗ್ರೇಟ್ ಸ್ಯಾಂಡಿ ಮರುಭೂಮಿಯಲ್ಲಿ ತಂಡದ ಇಬ್ಬರು ಬಾಯಾರಿಕೆಯಿಂದ ಸತ್ತರು. ಬೆಜಾರ ನಿಷ್ಠೆ ಕಂಡ ವೆಲ್ಸ್ ತಮ್ಮ ದಿಕ್ಸೂಚಿಯನ್ನೇ ಅವರಿಗೆ ಕೊಟ್ಟರು. ಒಂದು ಗುಡ್ಡಕ್ಕೆ ಅವರ ಹೆಸರಿಟ್ಟರು.

ಗುಡ್ಡಕ್ಕೆ ಹೆಸರು ಸಿಕ್ಕಿತು, ಆದರೆ ಇಂಥ ಕಾರ್ಮಿಕರಿಗೆ ನಾಡಿನಲ್ಲಿ ಹಕ್ಕು ಸಿಗಲಿಲ್ಲ. 1901ರ ವಲಸೆ ಕಾಯ್ದೆ ಬಿಳಿಯರಲ್ಲದವರಿಗೆ ಬಾಗಿಲು ಮುಚ್ಚಿತು. 1903ರ ಕಾಯ್ದೆ ಏಷ್ಯಾದವರಿಗೆ ಪೌರತ್ವ ನಿರಾಕರಿಸಿತು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಎಷ್ಟೋ ಮಂದಿ ಅವರನ್ನು ಕರೆಸಿಕೊಳ್ಳಲಾಗದೆ ಒಂಟಿಯಾಗಿ ಮುದುಕರಾದರು. ಕೆಲವರು 1880ರ ದಶಕದ ಕೊನೆಯಲ್ಲಿ ಕಟ್ಟಿದ ಅಡಿಲೇಡ್ ಮಸೀದಿಯ ಆಶ್ರಯದಲ್ಲೇ ಕೊನೆಯ ದಿನಗಳನ್ನು ಕಳೆದರು.

ಬೆಜಾ ಮಾರೀ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಅಲ್ಲಿ ರೈಲು ಹಳಿಯ ಒಂದು ಬದಿ ಬಿಳಿಯರದು, ಇನ್ನೊಂದು ಬದಿ ಇವರದು ಮತ್ತು ಮೂಲನಿವಾಸಿಗಳದು. ಇವರ ಬದಿಯಲ್ಲಿ ಮಣ್ಣಿನ ಗೋಡೆಯ ಮಸೀದಿ, ವುಳೂ ಮಾಡಲು ಒಂದು ಕೊಳ. 1909ರಲ್ಲಿ ಅಲ್ಲೇ ಒಬ್ಬ ವಿಧವೆಯೊಂದಿಗೆ ಅವರ ನಿಕಾಹ್ ಆಯಿತು. ಲಾರಿಗಳು ಬಂದು ಒಂಟೆಯ ಕೆಲಸ ನಿಂತಿತು. ಅಡ್ಡಾಡುವ ಒಂಟೆಗಳನ್ನು ಕೊಲ್ಲಲು 1925ರಲ್ಲಿ ಕಾನೂನೇ ಬಂತು. ವಯಸ್ಸಾದ ಬೆಜಾ ಖರ್ಜೂರದ ಮರಗಳನ್ನು ಸಾಕಿಕೊಂಡಿದ್ದರು. 1954ರ ‘ಬ್ಯಾಕ್ ಆಫ್ ಬಿಯಾಂಡ್’ ಎಂಬ ಸಾಕ್ಷ್ಯಚಿತ್ರದಲ್ಲಿ ಆ ವೃದ್ಧರನ್ನು ಕಾಣಬಹುದು. 1957ರ ಮೇ ತಿಂಗಳಲ್ಲಿ, 90 ದಾಟಿದ ವಯಸ್ಸಿನಲ್ಲಿ, ಪೋರ್ಟ್ ಅಗಸ್ಟಾದಲ್ಲಿ ಮರಣ ಹೊಂದಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಸಹೋದರರೇ, ಈ ಕಥೆ ಕೇಳಿ ಆ ದೇಶದವರನ್ನು ದೂರುವುದು ಸುಲಭ. ನಮ್ಮ ಮಸೀದಿಯ ಹಿಂದಿನ ಸಫ್ಫನ್ನು ಒಮ್ಮೆ ತಿರುಗಿ ನೋಡೋಣ. ಬಿಹಾರದಿಂದ, ಬಂಗಾಳದಿಂದ ಬಂದು ನಮ್ಮ ಮನೆಗಳಿಗೆ ಟೈಲ್ಸ್ ಹಾಕುವ, ಸೆಂಟ್ರಿಂಗ್ ಕಟ್ಟುವ ತಮ್ಮಂದಿರು ಅಲ್ಲಿ ನಿಂತಿರುತ್ತಾರೆ. ಸಲಾಮ್ ಹೇಳಿ ಹೊರಟುಬಿಡುತ್ತೇವೆ. ಅವರ ಹೆಸರು ನಮಗೆ ಗೊತ್ತೇ? ನಾಳೆ ಅವರಲ್ಲೊಬ್ಬರು ಕಾಯಿಲೆ ಬಿದ್ದರೆ, ಮನೆಯವರಿಗೆ ತಿಳಿಸಲು ನಮ್ಮಲ್ಲಿ ಒಂದು ಫೋನ್ ನಂಬರಾದರೂ ಇದೆಯೇ? ದಾರಿಹೋಕನಿಗೂ ನಮ್ಮ ಸಂಪತ್ತಿನಲ್ಲಿ ಹಕ್ಕಿದೆಯೆಂದು ಕಲಿಸಿದ ದೀನ್ ನಮ್ಮದು. ಈ ಜುಮಾ ಮುಗಿದ ಮೇಲೆ ಒಬ್ಬರ ಹೆಸರು, ಊರು, ಮನೆಯ ನಂಬರು ಕೇಳಿ ಬರೆದಿಟ್ಟುಕೊಳ್ಳೋಣ.

ಪರನಾಡಿನಲ್ಲಿ ದುಡಿದು ಮಡಿದ ಎಲ್ಲರಿಗೂ ಅಲ್ಲಾಹನು ಮಗ್ಫಿರತ್ ನೀಡಲಿ. ಆಮೀನ್.